ಸೈಕಲ್ ಕಟ್ಟೆ: ಹಿಂದಿನ ಚಕ್ರದ ಹಲ್ಲು ಎಣಿಸಿದ್ರಾ?

ಪ್ರಶ್ನೆ: ಸರ್, ನಾನು ಚಿಕ್ಕಮಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಲೆಕ್ಕದ ಮೇಷ್ಟ್ರು. ವಯಸ್ಸು 31, ಎತ್ತರ 5 ಅಡಿ 5 ಇಂಚು. ಎರಡು ವರ್ಷದಿಂದ ಗೇರ್ ಇಲ್ಲದ ಹಳೇ ಸೈಕಲ್‌ನಲ್ಲಿ ಹಿರೇಕೊಳಲೆ ಕೆರೆ ತನಕ ಹೋಗಿ ಬರುತ್ತಿದ್ದೇನೆ. ಈಗ ಒಂದು ರೋಡ್ ಬೈಕ್ (ಡೊಂಕು ಹ್ಯಾಂಡಲ್, ಸಪೂರ ಟಯರಿನ ಸೈಕಲ್) ತಗೊಳ್ಳೋ ಆಸೆ. ಚೀಟಿ ಹಣ ಬಂದಿದೆ, 30 ಸಾವಿರದ ಮೇಲೆ ಒಂದು ರೂಪಾಯಿಯೂ ಹಾಕಲಾರೆ (ಮನೆಯಲ್ಲಿ ಹೇಳಿರುವುದು 20). ಅಂಗಡಿಯಲ್ಲಿ 25 ಸಾವಿರದ್ದು ಒಂದಿದೆ, ಹಿಂದೆ 7 ಗೇರ್. ಮಂಗಳೂರಿನ ಪರಿಚಯದವರೊಬ್ಬರು ತಮ್ಮ ಹಳೆಯದನ್ನು 18 ಸಾವಿರಕ್ಕೆ ಕೊಡುತ್ತಾರಂತೆ. ಅದರಲ್ಲಿ 8 ಗೇರ್, ಶಿಮಾನೋ ಕಂಪನಿಯ ಕ್ಲಾರಿಸ್ ಗೇರ್ ಸೆಟ್ಟು, ಫ್ರೇಮ್ ಸೈಜು 56 ಸೆಂಟಿಮೀಟರ್. ಡಿಸ್ಕ್ ಬ್ರೇಕ್ ಇಲ್ಲದ್ದು ಮುಟ್ಟಲೇಬೇಡ ಅಂತಾನೆ ಗೆಳೆಯ. ಯಾವುದು ತಗೊಳ್ಳಲಿ? ಒಂದಲ್ಲ ಒಂದು ದಿನ ಮುಳ್ಳಯ್ಯನಗಿರಿ ಹತ್ತಲೇಬೇಕು.

ಉತ್ತರ: ಮೇಷ್ಟ್ರೇ, ಮನೆಯಲ್ಲಿ 20 ಹೇಳಿ 30 ಖರ್ಚು ಮಾಡುವ ವಿದ್ಯೆಯನ್ನು ಈ ಅಂಕಣ ಕಲಿಸುವುದಿಲ್ಲ. ಈ ಪತ್ರಿಕೆ ನಿಮ್ಮ ಮನೆಗೂ ಬರುತ್ತಿದ್ದರೆ ಇಷ್ಟರಲ್ಲೇ ವಿಷಯ ಗೊತ್ತಾಗಿರುತ್ತದೆ ಬಿಡಿ.

ಮೊದಲು ಮಂಗಳೂರಿನ ಸೈಕಲ್ ವಿಷಯ ಮುಗಿಸಿಬಿಡೋಣ. ಬೇಡ. ಕ್ಲಾರಿಸ್ ಒಳ್ಳೆಯದೇ, 18 ಸಾವಿರವೂ ಹೆಚ್ಚಲ್ಲ. ಆದರೆ 5 ಅಡಿ 5 ಇಂಚಿನವರಿಗೆ 56ರ ಫ್ರೇಮ್ ಅಂದರೆ ಅಣ್ಣನ ಅಂಗಿ ಹಾಕಿಕೊಂಡ ಹಾಗೆ. ನಿಮಗೆ 50ರಿಂದ 52ರ ಒಳಗೆ ಬೇಕು, ಕೆಲವು ಕಂಪನಿಗಳು ಅದನ್ನೇ ಎಸ್ ಅನ್ನುತ್ತವೆ. "ಸೀಟ್ ಇಳಿಸಿದ್ರೆ ಸರಿಹೋಗುತ್ತೆ" ಎಂದು ಮಾರುವವರು ಹೇಳೇ ಹೇಳುತ್ತಾರೆ. ಸೀಟ್ ಇಳಿಸಿದರೆ ಕಾಲು ಪೆಡಲ್‌ಗೆ ಎಟಕುತ್ತದೆ, ನಿಜ. ಆದರೆ ಸೀಟಿನಿಂದ ಹ್ಯಾಂಡಲ್‌ಗೆ ಇರುವ ದೂರ ಅಷ್ಟೇನೂ ಕಡಿಮೆ ಆಗುವುದಿಲ್ಲವಲ್ಲ? ಡೊಂಕು ಹ್ಯಾಂಡಲ್‌ನಲ್ಲಿ ಕೈ ಇನ್ನೂ ಮುಂದಕ್ಕೆ ಚಾಚಬೇಕು. ಬೇಲೂರು ಮುಟ್ಟುವಷ್ಟರಲ್ಲಿ ಕತ್ತು ಹಿಡಿದಿರುತ್ತದೆ, ಕಿರುಬೆರಳು ಜೋಮು ಹಿಡಿದಿರುತ್ತದೆ, ಎರಡು ತಿಂಗಳಿಗೆ ಸೈಕಲ್ ಮೇಲೆ ಬಟ್ಟೆ ಒಣಗುತ್ತಿರುತ್ತದೆ. ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಅನ್ನೋ ತುಂಡನ್ನು ಗಿಡ್ಡದ್ದು ಹಾಕಿಸಬಹುದು, ಅದರಿಂದ ಒಂದೆರಡು ಸೆಂಟಿಮೀಟರ್ ಹತ್ತಿರ ಬರುತ್ತದೆ ಅಷ್ಟೆ. ಬ್ರೇಕ್, ಗೇರ್, ಟಯರ್ ಎಲ್ಲವನ್ನೂ ಆಮೇಲೆ ಬದಲಾಯಿಸಬಹುದು. ಫ್ರೇಮ್ ಬದಲಾಯಿಸುವುದು ಅಂದರೆ ಇನ್ನೊಂದು ಸೈಕಲ್ ತಗೊಳ್ಳೋದೇ.

ಇನ್ನು ಅಂಗಡಿಯದ್ದು. ಅದರಲ್ಲಿ 7 ಗೇರ್ ಅಂತ ಬರೆದಿದ್ದೀರಿ. ಎಲ್ಲರೂ ಅಷ್ಟನ್ನೇ ಕೇಳುತ್ತಾರೆ, 7ಕ್ಕಿಂತ 8 ಮೇಲು, 8ಕ್ಕಿಂತ 9 ಮೇಲು ಅಂತ. ನಮ್ಮ ಊರಿಗೆ ಅದಲ್ಲ ಪ್ರಶ್ನೆ. ಹಿಂದಿನ ಫ್ರೀವೀಲ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಚಕ್ರಕ್ಕೆ ಎಷ್ಟು ಹಲ್ಲಿದೆ? ಮುಂದಿನ ಚೈನ್‌ವೀಲ್‌ನಲ್ಲಿ ಎಲ್ಲಕ್ಕಿಂತ ಚಿಕ್ಕದಕ್ಕೆ ಎಷ್ಟಿದೆ? ಈ ಎರಡು ಅಂಕಿ ಸಿಕ್ಕರೆ ಮುಳ್ಳಯ್ಯನಗಿರಿಗೆ ಆ ಸೈಕಲ್ ಆಗುತ್ತದೋ ಇಲ್ಲವೋ ಅಂಗಡಿಯಲ್ಲೇ ನಿಂತು ಹೇಳಬಹುದು. ಸಾಮಾನ್ಯವಾಗಿ ಅಂಕಿಯನ್ನು ಚಕ್ರದ ಮೇಲೇ ಕೊರೆದಿರುತ್ತಾರೆ. ಕಾಣಿಸದಿದ್ದರೆ ಜೇಬಿನಲ್ಲಿ ಹೇಗೂ ಚಾಕ್‌ಪೀಸ್ ಇರುತ್ತಲ್ಲ, ಒಂದು ಹಲ್ಲಿಗೆ ಗುರುತು ಹಾಕಿ ಎಣಿಸಿ. ಅಂಗಡಿಯವನು ವಿಚಿತ್ರವಾಗಿ ನೋಡುತ್ತಾನೆ. ನೋಡಲಿ.

ಈ ಬುದ್ಧಿ ನನಗೆ ಮೊದಲೇ ಇರಲಿಲ್ಲ. ನನ್ನ ಮೊದಲ ರೋಡ್ ಬೈಕ್ ಬೆಂಗಳೂರಿನಲ್ಲಿ ಒಬ್ಬರು ಮಾರಿದ್ದು. ಕೆಂಪು ಬಣ್ಣ, ನೋಡಿದರೆ ಕಣ್ಣು ಕೀಳಲಾಗದು. ಮುಂದೆ ಚಿಕ್ಕ ಚಕ್ರಕ್ಕೆ 39 ಹಲ್ಲು, ಹಿಂದೆ ದೊಡ್ಡದಕ್ಕೆ 25. ಸಮತಟ್ಟು ರಸ್ತೆಯಲ್ಲಿ ರೇಸ್ ಓಡುವವರ ಗೇರ್ ಅದು, ನನಗೆ ಆಗ ಗೊತ್ತಿಲ್ಲ. ಒಂದು ಭಾನುವಾರ ಬೆಳಿಗ್ಗೆ ಕೈಮರ ಚೆಕ್‌ಪೋಸ್ಟ್ ದಾಟಿ ಜೋರಾಗಿ ಹೊರಟೆ. ಮೂರನೇ ತಿರುವಿನಲ್ಲಿ ಪೆಡಲ್ ನಿಂತೇ ಹೋಯಿತು. ಎದ್ದು ನಿಂತು ತುಳಿದರೂ ಇಲ್ಲ. ಇಳಿದು ತಳ್ಳುತ್ತಾ ಹೊರಟೆ. ಹೋಂಸ್ಟೇ ಜನರನ್ನು ತುಂಬಿಕೊಂಡು ಬಂದ ಜೀಪಿನವನು ಪಕ್ಕದಲ್ಲಿ ನಿಧಾನ ಮಾಡಿ, "ಏನ್ ಸಾರ್, ಚೈನ್ ಕಟ್ಟಾಯ್ತಾ?" ಅಂದ. ಮರ್ಯಾದೆ ಉಳಿಯಲಿ ಅಂತ "ಹೂಂ ಕಣಪ್ಪಾ" ಅಂದೆ. ಅವನು ಮೇಲೆ ಹೋಗಿ, ಜನರಿಗೆ ಫೋಟೋ ತೆಗೆಸಿ, ವಾಪಸ್ ಇಳಿದು ಬರುವಾಗಲೂ ನಾನು ತಳ್ಳುತ್ತಲೇ ಇದ್ದೆ. ಈ ಸಲ ಅವನು ಏನೂ ಕೇಳಲಿಲ್ಲ, ಚೈನ್ ಕಡೆ ಒಂದು ಸಲ ನೋಡಿ ನಕ್ಕು ಹೋದ.

ಈಗ ಲೆಕ್ಕ ನೋಡಿ. 28 ಮಿಲಿಮೀಟರ್ ಟಯರ್ ಹಾಕಿದ ರೋಡ್ ಬೈಕ್ ಚಕ್ರ ಒಂದು ಸುತ್ತಿಗೆ ಸುಮಾರು 2.14 ಮೀಟರ್ ಹೋಗುತ್ತದೆ. ಮುಂದೆ 34, ಹಿಂದೆ 28 ಹಲ್ಲಿದ್ದರೆ ಒಂದು ಸಲ ಪೆಡಲ್ ತಿರುಗಿಸಿದಾಗ ಸೈಕಲ್ 2.6 ಮೀಟರ್ ಮುಂದೆ ಹೋಗುತ್ತದೆ. ಏರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿಯುತ್ತೀರಿ ಅನ್ನಿ, ಅದಕ್ಕಿಂತ ನಿಧಾನವಾದರೆ ಮಂಡಿ ಬೈಯುತ್ತದೆ. ಆಗ ವೇಗ ಗಂಟೆಗೆ ಸುಮಾರು 9.4 ಕಿಲೋಮೀಟರ್. ಹಿಂದೆ 32 ಇದ್ದರೆ 8.2. 34 ಇದ್ದರೆ 7.7. ನನ್ನ ಆ ಕೆಂಪು ಸುಂದರಿಯಲ್ಲಿ ಹತ್ತಿರ ಹತ್ತಿರ 12! ಕಡಿದಾದ ಏರಿನಲ್ಲಿ 12ರ ವೇಗದಲ್ಲಿ ಹತ್ತುವ ಕಾಲು ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ನೆನಪಿರಲಿ, ಊರು ಇರುವುದು ಸುಮಾರು 1,050 ಮೀಟರ್ ಎತ್ತರದಲ್ಲಿ, ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ರಸ್ತೆ ಮುಗಿದು ಮೆಟ್ಟಿಲು ಶುರುವಾಗುವ ಜಾಗದ ತನಕ ಹೋದರೂ ಹೆಚ್ಚುಕಡಿಮೆ ಆ ಎತ್ತರವನ್ನೆಲ್ಲ ಕಾಲಿನಲ್ಲೇ ಗೆಲ್ಲಬೇಕು.

ಹಾಗಾಗಿ ನಾನು ಹೇಳುವುದು ಇಷ್ಟು. ಮುಂದೆ 34, ಹಿಂದೆ ಕನಿಷ್ಠ 28, 32 ಸಿಕ್ಕರೆ ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಕಡಿಮೆ ಬೆಲೆಯ ಕೆಲವು ರೋಡ್ ಬೈಕ್‌ಗಳಲ್ಲಿ ಮುಂದೆ ಒಂದೇ ಚಕ್ರ ಇರುತ್ತದೆ, ಅದಕ್ಕೆ 40ರ ಮೇಲೆ ಹಲ್ಲು. ಹಾಸನದಿಂದ ಬೆಂಗಳೂರು ಕಡೆ ಓಡಿಸುವವರಿಗೆ ಅದು ಪರವಾಗಿಲ್ಲ. ಗಿರಿ ಹತ್ತುವವರಿಗೆ ಬೇಡ. "ಆಮೇಲೆ ಹಿಂದಿನದನ್ನ ದೊಡ್ಡದು ಹಾಕ್ಕೊಳ್ಳಿ ಸಾರ್" ಎಂದು ಅಂಗಡಿಯವರು ಹೇಳಬಹುದು. ಹಾಕಿಸಬಹುದು ನಿಜ, ಆದರೆ ಚೈನ್ ದಾಟಿಸುವ ಡಿರೇಲರ್ ಎಷ್ಟು ಹಲ್ಲಿನ ತನಕ ತಡೆಯುತ್ತದೆ ಎಂದು ಮೊದಲೇ ಕೇಳಿ. ತಡೆಯದಿದ್ದರೆ ಅದನ್ನೂ ಬದಲಾಯಿಸಬೇಕು, ಚೈನನ್ನೂ ಬದಲಾಯಿಸಬೇಕು.

ಗೇರ್ ಬದಲಿಸುವ ಸಣ್ಣ ಕಡ್ಡಿ ಎಲ್ಲಿದೆ ಅನ್ನೋದನ್ನೂ ನೋಡಿ. ಬ್ರೇಕ್ ಲಿವರ್‌ನಲ್ಲೇ ಇದ್ದರೆ ಕೈ ತೆಗೆಯದೆ ಗೇರ್ ಬದಲಿಸಬಹುದು. ಹ್ಯಾಂಡಲ್ ನಡುವೆ ಇದ್ದರೆ ಪ್ರತಿ ಸಲ ಬ್ರೇಕಿನಿಂದ ಕೈ ತೆಗೆಯಬೇಕು, ಅದೂ ಎದುರಿಗೆ ಟಿಟಿ ಗಾಡಿ ಬರುವ ತಿರುವಿನಲ್ಲಿ. ಬಜೆಟ್ ಒಳಗೆ ಸಿಕ್ಕರೆ ಮೊದಲನೆಯದೇ ಇರಲಿ.

ಟಯರ್ ವಿಷಯಕ್ಕೆ ಬರೋಣ. ಸಪೂರ ಟಯರ್ ಆದರೆ ಜೋರಾಗಿ ಹೋಗುತ್ತದೆ ಅನ್ನೋದು ಹಳೇ ನಂಬಿಕೆ. ನಮ್ಮ ರಸ್ತೆಗಳಲ್ಲಿ 23 ಮಿಲಿಮೀಟರ್ ಅಗಲದ ಟಯರ್ ಹಾಕಿದರೆ ಜೋರಾಗಿ ಹೋಗುವುದು ನೇರ ಪಂಕ್ಚರ್ ಅಂಗಡಿಗೆ. ಗುಂಡಿಗೆ ಬಿದ್ದರೆ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬು ಸಿಕ್ಕಿ ಪಕ್ಕಪಕ್ಕ ಎರಡು ತೂತು ಬೀಳುತ್ತವೆ. 28 ಇರಲಿ. 32 ಹಿಡಿಸುವ ಜಾಗ ಇದ್ದರೆ ಇನ್ನೂ ಒಳ್ಳೆಯದು, ತೋಟದ ದಾರಿಗೂ ಇಳಿಸಬಹುದು. ಈಗ ಹಾಕಿರುವ ಟಯರ್ ಎಷ್ಟು ಎಂದು ಅದರ ಗೋಡೆಯ ಮೇಲೇ ಬರೆದಿರುತ್ತದೆ. ಎಷ್ಟು ಅಗಲದ್ದು ಹಿಡಿಸುತ್ತದೆ ಅನ್ನೋದಕ್ಕೆ ಬ್ರೇಕ್ ಹತ್ತಿರ ಬೆರಳು ತೂರಿಸಿ ನೋಡಿ. ಮಳೆಗಾಲದ ಕೆಸರು ಕೂಡ ಅದೇ ಸಂದಿಯಲ್ಲಿ ಹಾದು ಹೋಗಬೇಕು, ಅಲ್ವಾ?

ನಿಮ್ಮ ಗೆಳೆಯ ಹೇಳಿದ ಡಿಸ್ಕ್ ಬ್ರೇಕ್. ಅವರ ಮಾತು ಪೂರ್ತಿ ಸುಳ್ಳಲ್ಲ. ಮಳೆಯಲ್ಲಿ ರಿಮ್ ಒದ್ದೆಯಾದಾಗ ಬ್ರೇಕ್ ಒತ್ತಿದರೆ ರಬ್ಬರು ಮೊದಲು ನೀರು ಒರೆಸುತ್ತದೆ, ಆಮೇಲೆ ಹಿಡಿಯುತ್ತದೆ. ಆ ಒಂದು ಕ್ಷಣ ಎದೆ ಝಲ್ಲೆನ್ನುತ್ತದೆ. ಗಿರಿಯಿಂದ ತುಂತುರಿನಲ್ಲಿ ಇಳಿದು ಬಂದ ಮೇಲೆ ರಿಮ್ ಮುಟ್ಟಿ ನೋಡಿ, ಬೆರಳಿಗೆ ಕಪ್ಪು ಕೆಸರು ಮೆತ್ತುತ್ತದೆ. ಅದು ರಬ್ಬರೂ ಹೌದು, ಅಲ್ಯೂಮಿನಿಯಂ ಪುಡಿಯೂ ಹೌದು. ಡಿಸ್ಕ್‌ನಲ್ಲಿ ಆ ಕಾಟ ಕಡಿಮೆ. ಆದರೆ ಈ ಬೆಲೆಯಲ್ಲಿ ಬರುವುದು ತಂತಿ ಎಳೆಯುವ ಡಿಸ್ಕು, ಕೆಲವು ತೀರಾ ಸಾಧಾರಣ, ಮೇಲೆ ತೂಕ ಬೇರೆ. ಡಿಸ್ಕ್‌ಗಾಗಿ ಗೇರ್‌ನಲ್ಲೋ ಸೈಜಿನಲ್ಲೋ ರಾಜಿ ಮಾಡಿಕೊಳ್ಳಬೇಡಿ. ರಿಮ್ ಬ್ರೇಕ್ ಆದರೆ ಹೊಸ ಸೈಕಲ್ ಜೊತೆ ಬಂದ ಗಟ್ಟಿ ರಬ್ಬರು ತೆಗೆಸಿ ಒಳ್ಳೆಯ ರಬ್ಬರು ಹಾಕಿಸಿ, ಕೆಲವೇ ನೂರು ರೂಪಾಯಿಯ ಖರ್ಚು. ಇಳಿಯುವಾಗ ಬ್ರೇಕನ್ನು ಉದ್ದಕ್ಕೂ ಹಿಡಿದೇ ಇರಬೇಡಿ, ರಿಮ್ ಬಿಸಿಯಾಗುತ್ತದೆ. ತಿರುವಿಗೆ ಮೊದಲೇ ಗಟ್ಟಿಯಾಗಿ ಒತ್ತಿ, ಬಿಡಿ, ಮತ್ತೆ ಒತ್ತಿ. ಜುಲೈನಲ್ಲಿ ಗಿರಿ ಕಡೆ ಹೋಗಲೇಬೇಡಿ ಅನ್ನೋದು ನನ್ನ ಸಲಹೆ. ಮಂಜಿನಲ್ಲಿ ಹತ್ತು ಅಡಿ ಮುಂದೆ ಕಾಣಿಸುವುದಿಲ್ಲ, ಜೀಪಿನವರಿಗೆ ನೀವೂ ಕಾಣಿಸುವುದಿಲ್ಲ.

ತೂಕದ ಬಗ್ಗೆ ನೀವು ಕೇಳಿಲ್ಲ, ಅಂಗಡಿಯಲ್ಲಿ ಮಾತ್ರ ಅದೇ ಕಥೆ ಹೇಳುತ್ತಾರೆ, ಒಂದು ಬೆರಳಲ್ಲಿ ಸೈಕಲ್ ಎತ್ತಿ ತೋರಿಸುತ್ತಾರೆ. ನೀವು, ಸೈಕಲ್ಲು, ನೀರಿನ ಬಾಟಲಿ ಎಲ್ಲಾ ಸೇರಿ 80 ಕೆಜಿ ಅನ್ನಿ. ಸೈಕಲ್ ಒಂದು ಕೆಜಿ ಹಗುರಾದರೆ 80ರಲ್ಲಿ ಒಂದು ಭಾಗ ಉಳಿಯಿತು. ಒಂದು ಗಂಟೆಯ ಏರಿನಲ್ಲಿ ಅದು ಮುಕ್ಕಾಲು ನಿಮಿಷ. ಅದಕ್ಕೆ ಐದು ಸಾವಿರ ಜಾಸ್ತಿ ಕೊಡುವ ಬದಲು ಹೊರಡುವ ಮೊದಲು ಎರಡು ಕಡುಬು ಕಡಿಮೆ ತಿನ್ನಿ. ತಿನ್ನದೆ ಇರಲಾಗುವುದಿಲ್ಲ ಎಂದು ನನಗೂ ಗೊತ್ತು.

ಈಗ ದುಡ್ಡು. 30 ಸಾವಿರದ ಸೈಕಲ್ ತಗೊಂಡರೆ ನೀವು ಕೆಟ್ಟಿರಿ. ರೋಡ್ ಬೈಕ್ ಜೊತೆ ಸ್ಟ್ಯಾಂಡ್ ಬರುವುದಿಲ್ಲ, ಬೆಲ್ ಬಂದರೆ ಪುಣ್ಯ, ಎಷ್ಟೋ ಸಲ ಪೆಡಲ್ಲೂ ತೀರಾ ಸಾಧಾರಣದ್ದು. ಹೆಲ್ಮೆಟ್, ಗೇಜ್ ಇರುವ ಕಾಲು ಪಂಪು, ಹಿಂದೆ ಮುಂದೆ ಲೈಟು, ಎರಡು ಟ್ಯೂಬು, ಟಯರ್ ಬಿಚ್ಚುವ ಪ್ಲಾಸ್ಟಿಕ್ ಲಿವರ್, ಒಂದು ಸಣ್ಣ ಅಲನ್ ಕೀ ಸೆಟ್ಟು, ಬೀಗ. ಇಷ್ಟಕ್ಕೇ ಐದು ಸಾವಿರ ಆಗುತ್ತದೆ. ಹೆಲ್ಮೆಟ್‌ನಲ್ಲಿ ಚೌಕಾಸಿ ಬೇಡ, ಬೀಗದಲ್ಲಿ ಮಾಡಬಹುದು. ನೀವು ನೋಡಿರುವ 25 ಸಾವಿರದ್ದು ಇಲ್ಲಿ ಸರಿಯಾಗಿ ಕೂರುತ್ತದೆ, ಸೈಜೂ ಹಲ್ಲೂ ಸರಿಯಾಗಿದ್ದರೆ. ಬಿಲ್ ಕೇಳಿ ಪಡೆಯಿರಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಎಷ್ಟು ಹಾಕಿದ್ದಾರೆ ನೋಡಿ. ಸೈಜು ಅವರ ಹತ್ತಿರ ಇಲ್ಲದಿದ್ದರೆ ತರಿಸಿಕೊಡಲು ಹೇಳಿ, ಎರಡು ವಾರ ಕಾಯಿರಿ. ಎರಡು ವರ್ಷ ಕಾದಿದ್ದೀರಂತೆ, ಎರಡು ವಾರ ಏನು ಮಹಾ.

ಅಂಗಡಿಯಲ್ಲಿ ಸುಮ್ನೆ ಕೂತು ನೋಡಿದರೆ ಸಾಲದು, ಹೊರಗೆ ಓಡಿಸಿ. ಅಡ್ಡ ರಾಡಿನ ಮೇಲೆ ಎರಡೂ ಕಡೆ ಕಾಲಿಟ್ಟು ನಿಂತಾಗ ಕಡಿಮೆಯೆಂದರೆ ಒಂದು ಇಂಚು ಸಂದಿ ಇರಬೇಕು. ಸೀಟಿನ ಎತ್ತರಕ್ಕೆ ಸುಲಭದ ಉಪಾಯ, ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೆಡಲ್ ಕೆಳಗೆ ಬಂದಾಗ ಕಾಲು ನೆಟ್ಟಗಾಗಬೇಕು. ಲೆಕ್ಕವೇ ಬೇಕು ಅಂದರೆ ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಂತು, ತೊಡೆಸಂದಿಗೆ ಒಂದು ದಪ್ಪ ಪುಸ್ತಕ ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲಂಚಿಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿ. 76 ಸೆಂಟಿಮೀಟರ್ ಬಂದರೆ, ಮುಂದಿನ ಚೈನ್‌ವೀಲ್ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲಕ್ಕೆ 67. ಅಲ್ಲಿಂದ ಅರ್ಧ ಸೆಂಟಿಮೀಟರ್ ಹೆಚ್ಚುಕಡಿಮೆ ಮಾಡಿಕೊಳ್ಳುವುದು ನಿಮ್ಮ ಮಂಡಿಗೆ ಬಿಟ್ಟದ್ದು.

ಮುಂದೆ ಯಾವತ್ತಾದರೂ ಸರಿಯಾದ ಸೈಜಿನ ಹಳೇ ಸೈಕಲ್ ಸಿಕ್ಕಿದರೆ ಬಿಡಬೇಡಿ, ಆದರೆ ನೋಡಲು ಹೋಗುವಾಗ ಜ್ಯಾಮಿಟ್ರಿ ಡಬ್ಬಿಯ ಸ್ಕೇಲ್ ಸಾಲದು, ಒಂದಡಿಯ ಸ್ಕೇಲ್ ತಗೊಂಡು ಹೋಗಿ. ಚೈನಿನ ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟು, ಅಲ್ಲಿಂದ 24ನೇ ಪಿನ್ ನೋಡಿ. ಹೊಸ ಚೈನಾದರೆ ಸರಿಯಾಗಿ 12 ಇಂಚಿಗೆ ಕೂರುತ್ತದೆ. 1/16 ಇಂಚು ದಾಟಿದ್ದರೆ ಚೈನ್ ಸವೆದಿದೆ. 1/8 ದಾಟಿದ್ದರೆ ಹಿಂದಿನ ಹಲ್ಲುಗಳನ್ನೂ ತಿಂದಿರುತ್ತದೆ, ಅಷ್ಟು ದುಡ್ಡು ಇಳಿಸಿ ಮಾತಾಡಿ. ರಿಮ್ ಮೇಲೆ ಬೆರಳು ಎಳೆದಾಗ ಬ್ರೇಕ್ ಉಜ್ಜುವ ಜಾಗ ದೋಣಿಯ ಹಾಗೆ ಒಳಗೆ ಹೋಗಿದ್ದರೆ ಅದರ ಆಯಸ್ಸು ಮುಗಿದಿದೆ. ಫ್ರೇಮ್‌ನಲ್ಲಿ ಮುಂದಿನ ರಾಡು ಹ್ಯಾಂಡಲ್ ಕೆಳಗೆ ಸೇರುವ ಜಾಗದಲ್ಲಿ ಪೇಂಟ್ ಬಿರಿದಿದೆಯಾ ನೋಡಿ. ಕೊನೆಯದಾಗಿ ಸೀಟಿನ ಕಂಬ ಸಡಿಲಿಸಿ ಮೇಲೆ ಕೆಳಗೆ ಮಾಡಿ ತೋರಿಸಲು ಹೇಳಿ. ಕರಾವಳಿಯ ಉಪ್ಪುಗಾಳಿ ಕುಡಿದ ಸೈಕಲ್‌ಗಳಲ್ಲಿ ಆ ಕಂಬ ಫ್ರೇಮಿಗೇ ಕಚ್ಚಿಕೊಂಡು ಬಿಡುತ್ತದೆ, ಸುತ್ತಿಗೆಗೂ ಬಗ್ಗುವುದಿಲ್ಲ. ನಿಮ್ಮ ಮಂಗಳೂರಿನ ಪರಿಚಯದವರ ಮೇಲೆ ಅನುಮಾನ ಅಂತಲ್ಲ!

ಸೈಕಲ್ ಬಂದ ಮೇಲೆ ಮೊದಲ ತಿಂಗಳು ಬೇಲೂರು ರಸ್ತೆ, ಸಖರಾಯಪಟ್ಟಣದ ರಸ್ತೆ ಸಾಕು. ಕಡೂರು ಕಡೆ ಹೋಗುವಾಗ ಮಾತ್ರ ಹುಷಾರು. ಹೋಗುತ್ತಾ ಇಳಿಜಾರು, ನಾನೆಷ್ಟು ಗಟ್ಟಿ ಅನಿಸುತ್ತದೆ. ಬರುತ್ತಾ ಅಷ್ಟನ್ನೂ ಹತ್ತಬೇಕು.

ಪ್ರಶ್ನೆ: ಮಗ ಪಿಯುಸಿ ಓದುತ್ತಿದ್ದಾನೆ. ಡೊಂಕು ಹ್ಯಾಂಡಲ್‌ನ ರೇಸ್ ಸೈಕಲ್ಲೇ ಬೇಕಂತೆ. ಟ್ಯೂಷನ್‌ಗೆ ಹೋಗಿ ಬರಲು, ಭಾನುವಾರ ಗೆಳೆಯರ ಜೊತೆ ಗೊರೂರು ಕಡೆ ಹೋಗಲು. ನಾವು ಕೊಡಬಹುದಾದದ್ದು 12 ಸಾವಿರ. ಕೊಡಿಸಬಹುದಾ? (ಒಬ್ಬ ತಾಯಿ, ಹಾಸನ)

ಉತ್ತರ: ಅಮ್ಮಾ, ಸೈಕಲ್ ಕೊಡಿಸಿ, ಡೊಂಕು ಹ್ಯಾಂಡಲ್ ಬೇಡ. ಈ ಬೆಲೆಯ ಡೊಂಕು ಹ್ಯಾಂಡಲ್ ಹೆಚ್ಚಿನಂಶ ನೋಟಕ್ಕೆ. ಬ್ರೇಕ್ ಲಿವರ್ ದೂರ, ಗಟ್ಟಿ, ಹುಡುಗರ ಬೆರಳಿಗೆ ಸರಿಯಾಗಿ ಸಿಗುವುದಿಲ್ಲ. ಬಿ.ಎಂ. ರಸ್ತೆಯಲ್ಲಿ ಬಸ್ಸು ಲಾರಿ ನಡುವೆ ಹೋಗುವವನಿಗೆ ಮೊದಲು ಬೇಕಾದದ್ದು ಬ್ರೇಕು. ನೇರ ಹ್ಯಾಂಡಲ್ಲಿನ, ಸ್ವಲ್ಪ ಸಪೂರ ಟಯರಿನ, ಹೈಬ್ರಿಡ್ ಅನ್ನುವ ಸೈಕಲ್ ಕೇಳಿ. ಮುಂದೆ ಶಾಕ್ ಅಬ್ಸಾರ್ಬರ್ ಇರುವುದನ್ನು ತೋರಿಸುತ್ತಾರೆ, ಅದೂ ಬೇಡ. ಅಗ್ಗದ ಶಾಕ್ ಅಂದರೆ ಎರಡು ಕೆಜಿ ಕಬ್ಬಿಣ, ತುಳಿದ ಶಕ್ತಿಯೆಲ್ಲ ಅದರ ಮೇಲೆ ಕೆಳಗೆ ಆಡುವುದರಲ್ಲೇ ಹೋಗುತ್ತದೆ. ಗೊರೂರಿಗೆ ಹೋಗಿ ಬರಲು 7 ಗೇರ್ ಧಾರಾಳ. ಮಡ್‌ಗಾರ್ಡ್ ಮತ್ತು ಕ್ಯಾರಿಯರ್ ಹಾಕಲು ಫ್ರೇಮ್‌ನಲ್ಲಿ ತೂತುಗಳಿವೆಯಾ ನೋಡಿ. ಅವನು ಈಗ ಕ್ಯಾರಿಯರ್ ಬೇಡವೇ ಬೇಡ ಅನ್ನುತ್ತಾನೆ, ಬ್ಯಾಗ್ ಹೊತ್ತು ಬೆನ್ನು ಒದ್ದೆಯಾದ ಮೇಲೆ ತಾನೇ ಕೇಳುತ್ತಾನೆ. ಹೆಲ್ಮೆಟ್ ಹಣವನ್ನು ಆ 12ರ ಒಳಗೇ ತೆಗೆದಿಡಿ.

ಪ್ರಶ್ನೆ: ರೋಡ್ ಬೈಕ್‌ಗೆ ಪೆಟ್ರೋಲ್ ಬಂಕ್‌ನಲ್ಲಿ ಗಾಳಿ ಹಿಡಿಸಬಹುದಾ? (ಓದುಗ, ಮೂಡಿಗೆರೆ)

ಉತ್ತರ: ವಾಲ್ವ್ ಮೇಲೆ ನಿಂತಿದೆ. ಮೋಟರ್ ಸೈಕಲ್‌ನ ಹಾಗೆ ದಪ್ಪ ವಾಲ್ವ್ ಇದ್ದರೆ ನೇರ ಹಿಡಿಸಬಹುದು. ಎಷ್ಟೋ ರೋಡ್ ಬೈಕ್‌ಗಳಲ್ಲಿ ಇರುವುದು ಪ್ರೆಸ್ಟಾ ಎಂಬ ಸಪೂರ ವಾಲ್ವ್. ಅದರ ತುದಿಯಲ್ಲಿ ಪುಟ್ಟ ನಟ್ಟು. ಅದನ್ನು ಎರಡು ಸುತ್ತು ಸಡಿಲ ಮಾಡಿ ಒಮ್ಮೆ ಒತ್ತಿ, ಪುಸ್ ಅಂದ ಮೇಲೆ ಗಾಳಿ ಹಾಕಬೇಕು, ಆಮೇಲೆ ಮತ್ತೆ ಬಿಗಿ ಮಾಡಬೇಕು. ಬಂಕ್‌ಗೆ ಹೋಗುವುದಾದರೆ ಹಿತ್ತಾಳೆಯ ಒಂದು ಚಿಕ್ಕ ಅಡಾಪ್ಟರ್ ಸಿಗುತ್ತದೆ, ತಿರುಗಿಸಿ ಹಾಕಿಕೊಂಡರೆ ಆಯಿತು. ಬೀಗದ ಕೈ ಗೊಂಚಲಿಗೆ ಒಂದನ್ನು ಸಿಕ್ಕಿಸಿಡಿ. ಒತ್ತಡವನ್ನು ನೀವೇ ಹೇಳಬೇಕು. ಕಾರಿಗೆ 30, 35 ಹಾಕುವ ಅಭ್ಯಾಸ ಅವರದು. ನಿಮ್ಮ ತೂಕ 65 ಕೆಜಿ ಆಸುಪಾಸು, ಟಯರ್ 28 ಅಂತಿದ್ದರೆ ಹಿಂದೆ 80, ಮುಂದೆ 70 ಪಿಎಸ್‌ಐ ಸಾಕು.

ಒಮ್ಮೆ ದಾರಿಯಲ್ಲಿ ಪಂಕ್ಚರ್ ಅಂಗಡಿಯಲ್ಲಿ ಸೈಕಲ್ ಕೊಟ್ಟು ಪಕ್ಕದಲ್ಲಿ ಕಾಫಿಗೆ ಹೋಗಿದ್ದೆ. ಬರುವಷ್ಟರಲ್ಲಿ ಆ ಹುಡುಗ ಹಳೇ ಸೈಕಲ್‌ಗಳ ವಾಲ್‌ಟ್ಯೂಬ್ ಕೀಳುವ ಹಾಗೆ ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು ಎಳೆದು, ಆ ಪುಟ್ಟ ನಟ್ಟನ್ನು ಕಿತ್ತು ಅಂಗೈಯಲ್ಲಿ ಇಟ್ಟುಕೊಂಡು ನನ್ನನ್ನೇ ಕಾಯುತ್ತಿದ್ದ. "ಸಾರ್, ಇದು ನಿಮ್ದೇನಾ?" ಅಂದ. ಆವತ್ತಿನಿಂದ ನಟ್ಟು ನಾನೇ ಬಿಚ್ಚಿ ಕೊಡುತ್ತೇನೆ, ಕಾಫಿ ಆಮೇಲೆ.